ಹನ್ನೊಂದರ ದಿಕ್ಕಿಗೆ

ದೋಣಿಯ ಮೂತಿ ಹನ್ನೆರಡು ಗಂಟೆ ಎಂದುಕೊಳ್ಳಿ.
ಹನ್ನೊಂದರ ದಿಕ್ಕಿಗೆ, ನಲವತ್ತು ಅಡಿ,
ಎರಡು ಮೀನು. ಅಲ್ಲ, ಮೂರು.
ಕಾಣಲಿಲ್ಲವೆ?
ಮೀನನ್ನು ಹುಡುಕಬೇಡಿ ಸರ್.
ಬೋನ್‌ಫಿಶ್ಶಿನ ಮೈಯೆಲ್ಲ ಕನ್ನಡಿ,
ಮರಳಿನ ಮೇಲೆ ಮರಳು, ಹುಲ್ಲಿನ ಮೇಲೆ ಹುಲ್ಲು;
ಮೊಣಕಾಲಾಳದ ನೀರಲ್ಲಿ
ಕಣ್ಣೆದುರೇ ದಾಟಿ ಹೋಗುತ್ತದೆ.
ಅಡಿಯಲ್ಲಿ ಹರಿವ ನೆರಳನ್ನು ನೋಡಿ.
ನೆರಳಿಗೆ ವೇಷ ಹಾಕಲು ಬರುವುದಿಲ್ಲ.

ಹೇಳಿಕೊಟ್ಟವನು ಸೋದರಮಾವ ಥೆಲ್ಬರ್ಟ್.
ಆಂಡ್ರೋಸ್ ದ್ವೀಪದ ಪಡುವಣ ಕೆಸರಿನಲ್ಲಿ ಸ್ಪಂಜು ಕೀಳುತ್ತಿದ್ದ,
ಗಾಜಿನ ತಳದ ಬಕೆಟ್ಟಿನಲ್ಲಿ ಮುಖವಿಟ್ಟು
ಬೆಳಗಿಡೀ ಕಡಲ ತಳ ಓದುತ್ತಿದ್ದ,
ತನ್ನ ಹೆಸರು ಬರೆಯಲು ಬಾರದವನು.
ನನಗೆ ಏಳು. ಬೆರಳಿಗೆ ದಾರ ಸುತ್ತಿ
ಗಾಳಕ್ಕೆ ಏಡಿಯ ಚೂರು ಸಿಕ್ಕಿಸಿ ಕೊಟ್ಟ.
ಮೊದಲ ಮೀನು ಓಡಿದಾಗ
ದಾರ ಬೆರಳು ಕೊಯ್ದ ಗೆರೆ
ಇಗೋ, ಇಲ್ಲಿದೆ. ಉಂಗುರ ಹಾಕಿದರೂ ಮುಚ್ಚುವುದಿಲ್ಲ.

ಆಮೇಲೆ ಮೂವತ್ತು ವರ್ಷ
ಮೀನು ಹಿಡಿಯುವುದು ಹುಚ್ಚು, ಆಲೂಗಡ್ಡೆ ಸುಲಿಯುವುದು ಕೆಲಸ.
ಲಾಡ್ಜಿನ ಅಡುಗೆಮನೆ. ಕಿಟಕಿಯಾಚೆ ಕಡಲು.
ಹುಚ್ಚಿಗೆ ಯಾರೂ ಸಂಬಳ ಕೊಡುವುದಿಲ್ಲ
ಎನ್ನುತ್ತಿದ್ದಳು ಅಮ್ಮ.

ಒಬ್ಬರು ಬಂದಿದ್ದರು, ಓಸ್ಲೋದ ಹಲ್ಲಿನ ವೈದ್ಯರು.
ನಾಲ್ಕು ದಿನ ಬಿಸಿಲಲ್ಲಿ ಬೆಂದು, ಒಂದು ಮೀನೂ ಕಾಣದೆ
ಐದನೆಯ ದಿನ ಚೀಲ ಕಟ್ಟಿ
ಚಹಾ ಕೇಳಲು ಅಡುಗೆಮನೆಗೇ ಬಂದರು.
ಆಲೂಗಡ್ಡೆಯ ಚಾಕುವಿನಲ್ಲೇ ತೋರಿಸಿದೆ:
ಆ ಮುರಿದ ಕಂಬದ ಎಡಕ್ಕೆ, ಕಾಂಡ್ಲಾ ಗಿಡದ ಬುಡಕ್ಕೆ,
ಬಾಲ ಮೇಲೆತ್ತಿ ಮೇಯುತ್ತಿವೆ ನೋಡಿ.
ಏಪ್ರನ್ ಬಿಚ್ಚಲೂ ಮರೆತು ನೀರಿಗಿಳಿದೆ.
ಅವರು ಹಿಡಿದರು. ಅತ್ತರು.
ಹಲ್ಲಿನ ವೈದ್ಯರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.
ಒಲೆಯ ಮೇಲಿದ್ದುದೆಲ್ಲ ಅಷ್ಟರಲ್ಲಿ ಸೀದು ಹೋಗಿತ್ತು.
ಬೈಯಲು ಬಂದ ಮಾಲೀಕ ಡೆಲಾನೋ
ಬೈದು ಮುಗಿಸಿ, ಬಾಗಿಲ ಸಂದಿಯಲ್ಲಿದ್ದ ಈ ಜಲ್ಲೆ ತೋರಿಸಿ,
ನಾಳೆಯಿಂದ ಇದು ಹಿಡಿ ಒರಾಲೀ, ಎಂದ.

ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ.
ಹಿಡಿದಿರಾ? ಹಿಡಿದೆವು.
ಎಲ್ಲಿ? ಬಿಟ್ಟೆವು.
ಕೈಗೆ ಬಂದ ತುತ್ತನ್ನು ಕಡಲಿಗೆ ಬಿಡಲು
ದುಡ್ಡು ಕೊಡುತ್ತಾರೆಯೇ ಆ ಜನ?
ಬೆನ್ನು ಮುರಿದು, ಮುಳ್ಳು ಸಡಿಲಿಸಿ,
ಹೊಟ್ಟೆಗೆ ನಿಂಬೆ, ಖಾರದ ಮೆಣಸು ತುರುಕಿ
ಸುಟ್ಟು ತಿನ್ನುವ ಮೀನು ಕಣೇ ಅದು!
ನೋಟುಗಳನ್ನು ಅವಳ ಡಬ್ಬಿಗೆ ಹಾಕುತ್ತೇನೆ.
ಎಣಿಸಿ ಸುಮ್ಮನಾಗುತ್ತಾಳೆ,
ಒಪ್ಪಿದ್ದಾಳೆ ಅಂತಲ್ಲ.

ನಿಮಗೊಂದು ಗುಟ್ಟು ಹೇಳಲೆ?
ಗೈಡ್ ಆದ ದಿನದಿಂದ ನಾನು ಹಿಡಿದದ್ದು ಈ ಜಲ್ಲೆ ಮಾತ್ರ.
ಕಾಣುವುದು ನನಗೆ, ಎಸೆಯುವುದು ನೀವು.
ನೀವು ಅವಸರಪಟ್ಟು ಎಳೆದಾಗಲೆಲ್ಲ
ಬೆರಳಿನ ಹಳೆಯ ಗೆರೆ ಚುರುಗುಟ್ಟುತ್ತದೆ;
ಬಾಯಿ ಮಾತ್ರ, ಪರವಾಗಿಲ್ಲ ಸರ್, ಗಾಳಿ ಜಾಸ್ತಿಯಿತ್ತು ಎನ್ನುತ್ತದೆ.
ಫೋಟೋದಲ್ಲಿ ನೀವು, ಮೀನು, ನಿಮ್ಮ ಟೋಪಿ.
ಬಾಲದ ಹತ್ತಿರ ಒಂದು ಕಪ್ಪು ಹೆಬ್ಬೆರಳು, ಅದು ನಾನು.
ಎಷ್ಟು ಊರುಗಳ ಗೋಡೆಗಳ ಮೇಲೆ
ನನ್ನ ಹೆಬ್ಬೆರಳು ತೂಗುತ್ತಿದೆಯೋ!

ಹೋದ ಭಾನುವಾರ ಚರ್ಚು ತಪ್ಪಿಸಿ
ಒಬ್ಬಳೇ ಇಳಿದೆ, ಥೆಲ್ಬರ್ಟನ ದಾರದುಂಡೆ ಹಿಡಿದು.
ಇಳಿತ ಮುಗಿದು ನೀರು ಆಗಷ್ಟೇ ಏರುತ್ತಿತ್ತು.
ಒಂದೇ ನೆರಳು, ದೊಡ್ಡದು, ಅವಸರವಿಲ್ಲದ್ದು.
ಹನ್ನೊಂದರ ದಿಕ್ಕಿಗೆ, ನಲವತ್ತು ಅಡಿ,
ಎಂದಿತು ನನ್ನ ಬಾಯಿ, ಜೋರಾಗಿಯೇ.
ಅಲ್ಲಿ ಒಂದು ಕೊಕ್ಕರೆ ಬಿಟ್ಟರೆ ಯಾರೂ ಇಲ್ಲ.
ಕೈ, ಯಾರೋ ಎಸೆಯಲೆಂದು ಕಾಯುತ್ತಿತ್ತು.
ಮೀನು ಮೇಯುತ್ತ ಮೇಯುತ್ತ ಇಪ್ಪತ್ತಡಿಗೆ ಬಂತು,
ಹತ್ತಕ್ಕೆ ಬಂತು,
ಮರಳ ಮೇಲೆ ಬಿದ್ದ ನನ್ನ ನೆರಳು ಕಂಡು
ಹೊರಟು ಹೋಯಿತು.

ಇರಲಿ, ಮಾತು ಸಾಕು.
ಈಗ ಒಂದರ ದಿಕ್ಕಿಗೆ ಸರ್, ಮೂವತ್ತು ಅಡಿ,
ನಮ್ಮ ಕಡೆಗೇ ಬರುತ್ತಿದೆ.
ನಿಧಾನ.