ಒತ್ತು

ಹಾಸನದ ಬಿ.ಎಂ. ರಸ್ತೆ, ಚಪ್ಪಲಿ ಅಂಗಡಿಯ ಮೇಲಿನ ಮಹಡಿ.
ಭಾನುವಾರ. ಹದಿನೇಳು ಕುರ್ಚಿ, ಒಂದೇ ಪ್ಲಗ್ಗು.
ಬಣ್ಣದವರು ಕಿಟಕಿ ಕಡೆ,
ಕೋಡಿನವರು ಗೋಡೆ ಕಡೆ,
ನಡುವೆ ವೈರು, ದಾಟಬೇಡಿ ಎಂಬಂತೆ.

ಆಲೂಗೆಡ್ಡೆ ಮಂಡಿಯ ಚೀಟಿಗೆಂದು
ಶಬ್ರೀನ್ ಬರೆದ ಗುಂಡಿ ಹಸಿರು, ನುಣುಪು.
ಧರಣೇಂದ್ರನ ಫೋನಿನಲ್ಲಿ ತೆರೆದರೆ
'ಒತ್ತಿ'ಯ ಒತ್ತೇ ಇಲ್ಲ,
ಕೆಳಗಿನ ಅಂಚು ನುಂಗಿಬಿಟ್ಟಿದೆ:
'ಒತಿ'.

"ನೀನೇ ಕೊಟ್ಟ ಅಳತೆ," ಅಂದ.
"ಅಳೆದಾಗ ಅಲ್ಲಿ ಇಂಗ್ಲಿಷ್ ಇತ್ತು," ಅಂದಳು, ಮೆಲ್ಲಗೆ.

ಗೆಡ್ಡೆ ಆರಿಸುವ ನಿಂಗಾಜಮ್ಮ
ಮಂಡಿಯಿಂದ ನೇರ ಬಂದವಳು, ಬಗ್ಗಿ ನೋಡಿದಳು:
"ಕಾಲೇ ಇಲ್ವಲ್ಲ ಈ ಅಕ್ಸರಕ್ಕೆ,
ಎಲ್ ನಿಂತ್ಕತದೆ?"

ಧರಣೇಂದ್ರ ಕುರ್ಚಿ ಎಳೆದ.
ವೈರು ತೊಡರಿ ಪ್ರೊಜೆಕ್ಟರ್ ಕಣ್ಣು ಮುಚ್ಚಿತು,
ಹಿಂದಿನಿಂದ ಯಾರೋ ಬೈದರು.
ಒಂದೇ ಪರದೆಯ ಬೆಳಕಿಗೆ ಎರಡು ತಲೆ.
ಎರಡು ಪಿಕ್ಸೆಲ್? ಸಾಲದು. ನಾಲ್ಕು?
'ರಾಷ್ಟ್ರ' ಬಂದರೆ?
ಅಯ್ಯೋ. ಆರು.

ಐದು ಗಂಟೆಗೆ ಚಹಾ ತಣ್ಣಗೆ.
ಗುಂಡಿಗೆ ಈಗ ಸಣ್ಣದೊಂದು ಹೊಟ್ಟೆ,
ಮೊದಲಿನಷ್ಟು ಚೆಂದವಿಲ್ಲ.
ನಿಂಗಾಜಮ್ಮ ಒತ್ತಿದಳು.
ಬೆರಳ ಮಣ್ಣು ಗಾಜಿಗೆ ಅಂಟಿತು,
ಒತ್ತಿನ ಕೆಳಗೆ ಇನ್ನೊಂದು ಒತ್ತು.