ಇತರೆ

ಮಂಡಕ್ಕಿ ಭಟ್ಟಿಯ ಓಣಿಗೆ ನನ್ನನ್ನು ಹಾಕಿದ್ದರು.
ಫಾರಮ್ಮಿಗೆ ಹದಿನೆಂಟು ರೂಪಾಯಿ, ಊಟ ನಮ್ಮದೇ,
ಕೊರಳಿಗೊಂದು ಗುರುತಿನ ಚೀಟಿ.
ಅದರಲ್ಲಿ ಹಾಲಮ್ಮ ಹೋಗಿ ಹಾಳಮ್ಮ ಆಗಿದ್ದೆ,
ತಿದ್ದಲು ಯಾರಿಗೂ ಪುರಸೊತ್ತಿರಲಿಲ್ಲ.

ತರಬೇತಿ ಕೊಟ್ಟ ಹುಡುಗ ಹೇಳಿದ್ದ:
ಅನ್ನ ಬೆಂದಿದೆಯೋ ನೋಡಲು
ಇಡೀ ತಪ್ಪಲೆ ಉಣ್ಣಬೇಕಿಲ್ಲ ಮೇಡಂ,
ಒಂದಗುಳು ಹಿಚುಕಿದರೆ ಸಾಕು.
ಕ್ಷೇತ್ರಕ್ಕೆ ನಾನೂರು ಅಗುಳು.
ಬೆರಳು ನಮ್ಮದು,
ಎಲೆ ಮುಂದೆ ಕೂತವರು ಸಾಹೇಬರು.

ಖೈರುನ್ನೀಸಾ ಕಾದ ಮರಳಿಗೆ ಅಕ್ಕಿ ಸುರಿಯುತ್ತಿದ್ದಳು.
ಚಟಪಟ ಚಟಪಟ,
ಸೇರು ಹೋಗಿ ಚೀಲವಾಗುತ್ತಿತ್ತು.
ಓದಿದೆ: ನಿಮ್ಮ ಮುಖ್ಯ ಸಮಸ್ಯೆ ಯಾವುದು?
ಒಂದು ರಸ್ತೆ, ಎರಡು ನೀರು, ಮೂರು ಕೆಲಸ, ನಾಲ್ಕು ಬೆಲೆ ಏರಿಕೆ.
"ಹೊಗೆ" ಅಂದಳು, ಸೆರಗಿನಿಂದ ಕಣ್ಣೊರೆಸುತ್ತ.
ಹೊಗೆ ಇಲ್ಲ ಅಕ್ಕಾ ಇದರಾಗ.
"ನಿನ್ನ ಡಬ್ಬಿಯಾಗ ಇಲ್ಲೇನೋ. ಇಲ್ಲಿ ಐತಲ್ಲ"
ಅಂದು ಕೆಮ್ಮಿದಳು.
ಕೆಮ್ಮಿಗೂ ಆ ಫಾರಮ್ಮಿನಲ್ಲಿ ಮನೆಯಿರಲಿಲ್ಲ.
'ಇತರೆ' ಒತ್ತಿದೆ.

ಇತರೆ ರಾತ್ರಿ ಎಲ್ಲಿ ಮಲಗುತ್ತದೆಂದು ಬಲ್ಲೆ:
ಬಣ್ಣದ ಚಕ್ರದಲ್ಲೊಂದು ಬೂದು ಸೀಳು,
ನೂರಕ್ಕೆ ಐದು ದಾಟದಿದ್ದರೆ ಅದೂ ಇಲ್ಲ.

ಟ್ಯಾಬು ವಾಪಸು ಕೊಡಲು ಪಿ.ಜೆ. ಬಡಾವಣೆಗೆ ಹೋದಾಗ
ಆ ಚಕ್ರದ ಮುಂದೆ ಸಾಹೇಬರನ್ನು ಕಂಡೆ.
ಮೂವತ್ತು ವರ್ಷ ಊರು ಸುತ್ತಿದ ಮನುಷ್ಯ.
ಹಿಂದೆಲ್ಲ ಗಡಿಯಾರ ಕಂಬದ ಕೆಳಗೆ ನಿಂತು
ಬಂದವರ ಚಪ್ಪಲಿ ನೋಡಿಯೇ ಓಣಿ ಹೇಳುತ್ತಿದ್ದರಂತೆ.
ಈಗ ಕನ್ನಡಕ ಏರಿಸಿ ಕೇಳುತ್ತಿದ್ದರು,
"ನೀರು ಎರಡು ಪಾಯಿಂಟ್ ಇಳಿದಿದೆ.
ಹಾಗಾದ್ರೆ ಭಾನುವಾರ ನಾನು
ಯಾವುದಕ್ಕೆ ಸಿಟ್ಟಾಗಲಿ?"
ಹುಡುಗ ಪರದೆಯಿಂದ ಕಣ್ಣು ಕೀಳದೆ:
"ಬೆಲೆಗೆ ಸಿಟ್ಟಾಗಿ ಸರ್.
ನೀರಿಗೆ ಸ್ವಲ್ಪ ದುಃಖ ಸಾಕು."

ಕೊನೆಯ ದಿನ ಹನ್ನೆರಡು ಫಾರಂ ಬಾಕಿ.
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು,
ಗೂಡ್ಸ್ ಗಾಡಿಗೆ ಬಾಲವೇ ಇರಲಿಲ್ಲ.
ಪಕ್ಕದಂಗಡಿಯ ಬೆಂಚಿನಲ್ಲಿ
ಮಿರ್ಚಿ ಕಚ್ಚಿಕೊಂಡು
ನಾನೇ ಹನ್ನೆರಡು ಮಂದಿಯಾದೆ.
ಮೊದಲು, ನೂಲಿನ ಗಿರಣಿಯಲ್ಲಿ ಸವೆದ ನನ್ನ ಅವ್ವ.
ತೀರಿ ಎಂಟು ವರ್ಷ,
ವಯಸ್ಸು ನಲವತ್ತಾರಕ್ಕೇ ನಿಲ್ಲಿಸಿದೆ.
ಆಮೇಲೆ ಅವಳ ಜೊತೆ ಪಾಳಿ ಮಾಡುತ್ತಿದ್ದ ಗಿರಿಜವ್ವ,
ಕಬ್ಬಿನ ಹಾಲಿನ ಯಲ್ಲೋಜಿ,
ಗೇಟಿನಲ್ಲಿ ಹಾರನ್ ಒತ್ತುತ್ತಿದ್ದ ಆಟೋದವನು
(ಹೆಸರು ಕೇಳಲಿಲ್ಲ, ಇಟ್ಟೆ).
ಎಲ್ಲರ ಬಾಯಲ್ಲೂ ಇತರೆ.
ಕೆಳಗಿನ ಖಾಲಿ ಸಾಲಿನಲ್ಲಿ ಬೆರಳಿಂದ ಗೀಚಿದೆ:
ಹೊಗೆ. ಎದೆಯೊಳಗೆ ಹೊಗೆ.
ಅವ್ವ ಅನ್ನುತ್ತಿದ್ದಂತೆ,
ಒಣಹಾಕಿದ ಬಟ್ಟೆಯೂ ಕೆಮ್ಮತೈತಿ.
ಗೇಟು ಎದ್ದಿತು.

ಓಣಿಯ ಹತ್ತು ನಿಜ, ನನ್ನ ಹನ್ನೆರಡು ಸುಳ್ಳು.
ಕೂಡಿದರೆ ನೂರಕ್ಕೆ ಐದೂವರೆ.

ಭಾನುವಾರ ಹೈಸ್ಕೂಲ್ ಮೈದಾನದಲ್ಲಿ
ಸಾಹೇಬರು ಹೊಗೆಗೆ ಸಿಟ್ಟಾದರು.
ಹುಬ್ಬು ಗಂಟಿಕ್ಕಿ, ಮೈಕು ಕೈಗೆ ತಗೊಂಡು,
"ನನ್ನ ತಾಯಂದಿರು ಒಣಹಾಕಿದ ಬಟ್ಟೆಯೂ ಕೆಮ್ಮತೈತಿ!"
ಚಪ್ಪಾಳೆ.
ನಾನೂ ತಟ್ಟಿದೆ, ತಡೆಯಲಾಗಲಿಲ್ಲ.
ಅವ್ವನ ಮಾತನ್ನು ಅಷ್ಟು ಜೋರಾಗಿ
ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ತಿಂಗಳ ಫಾರಮ್ಮಿನಲ್ಲಿ
ಹೊಗೆಗೂ ಒಂದು ಮನೆ, ಐದನೆಯದು.
ಅದರ ಬೆನ್ನಿಗೇ ಪ್ರಶ್ನೆ:
ಹೊಗೆ ಕುರಿತ ಭಾಷಣ ನಿಮಗೆ
ಬಹಳ ತೃಪ್ತಿ, ಸಾಧಾರಣ ತೃಪ್ತಿ, ಅತೃಪ್ತಿ?
ಖೈರುನ್ನೀಸಾ ಜರಡಿ ಕೊಡವಿದಳು.
"ಚೆಂದ ಮಾತಾಡಿದ್ರವ್ವ. ಕಣ್ಣಾಗ ನೀರೇ ಬಂತು."
ಮಾತಿಗೋ, ಹೊಗೆಗೋ
ಎಂದು ಟ್ಯಾಬು ಕೇಳಲಿಲ್ಲ.
ನಾನೂ ಕೇಳಲಿಲ್ಲ.

ಹೊರಡುವಾಗ ವೇಲಿನ ತುದಿಗೆ
ಒಂದು ಬೊಗಸೆ ಬಿಸಿ ಮಂಡಕ್ಕಿ ಹಾಕಿದಳು.
ಹದಿನೆಂಟು ರೂಪಾಯಿಯ ಬೆರಳು
ರೂಢಿಯಂತೆ ಒಂದನ್ನು ಹಿಚುಕಿತು.

ಪುಡಿ.