ಒಂಬತ್ತು ಹಿಕ್ಕೆ

ಆಟದ ಹೆಸರೇ ಹಾಗೆ: ತೊಗುಜ್ ಕೊರ್ಗೋಲ್.
ಅಂದರೆ ಒಂಬತ್ತು ಕುರಿಹಿಕ್ಕೆ.
ಹೆಸರು ಹೇಳಿದರೆ ಸಾಕು, ನನ್ನ ಮೂರನೇ ಕ್ಲಾಸು
ಬೆಂಚಿನಡಿ ಉರುಳಿ ನಗುತ್ತದೆ.
ನಗಲಿ ಬಿಡಿ. ನಾರಿನ್ ಕಣಿವೆಯಲ್ಲಿ ಫೆಬ್ರವರಿ ಎಂದರೆ
ಪೆನ್ನಿನೊಳಗೆ ಶಾಯಿಯೇ ಮರಗಟ್ಟುವ ತಿಂಗಳು;
ನಕ್ಕ ಬಾಯಾದರೂ ಒಂದಿಷ್ಟು ಬೆಚ್ಚಗಿರಲಿ.

ಶಾಲೆಯ ಒಲೆ ಕಾಯುವ ಸತಿಬಾಲ್ದಿ
ಮುರಿದ ಡೆಸ್ಕಿನ ಹಲಗೆ ತಂದು
ಆ ಕಡೆ ಒಂಬತ್ತು, ಈ ಕಡೆ ಒಂಬತ್ತು ಗುಳಿ ಕೊರೆದ.
ಗುಂಡುಗಳನ್ನು ನಾವೇ ಉಂಡೆ ಕಟ್ಟಿದೆವು, ಹೊಳೆಯ ಜೇಡಿಯಿಂದ.
ಗುಳಿಗೆ ಒಂಬತ್ತರಂತೆ ನೂರ ಅರವತ್ತೆರಡು.
ಮಗ್ಗಿ ಅಂತ ನಾನು ಹೇಳಲೇ ಇಲ್ಲ.

ಶುಕ್ರವಾರ, ಕಡೇ ಪಿರಿಯಡ್ಡು.
ಪರೀಕ್ಷೆ ಇಲ್ಲ, ಆಟ ಎಂದೆ.
ಚೊಲ್ಪೊನ್ ಮುಖ ಬಾಡಿತು.
ಒಂಬತ್ತೊಂದ್ಲಿಯಿಂದ ಒಂಬತ್ತ್ಹತ್ಲಿವರೆಗೆ
ಒಂದೇ ಉಸಿರಿಗೆ ನೀರು ಕುಡಿದಂತೆ ಒಪ್ಪಿಸುವ ಹುಡುಗಿ ಅವಳು.
ಮೂರು ಗುಳಿ ತುಂಬಿವೆ, ಎಷ್ಟು? ಎಂದು ನಡುವಿನಿಂದ ಕೇಳಿದರೆ
ತುಟಿ ಮೊದಲಿಂದ ಹೊರಡುತ್ತದೆ,
ಒಂಬತ್ತೊಂದ್ಲಿ ಒಂಬತ್ತು...
ಬಾಯಿಪಾಠದ ಓಣಿಯಲ್ಲಿ ಅಡ್ಡದಾರಿಗಳಿಲ್ಲ.
ಅಷ್ಟೂ ನೂರಕ್ಕೆ ನೂರು ಕೊಟ್ಟವಳು ನಾನೇ.

ಎರ್ಮೆಕ್‌ಗೆ ಸೊನ್ನೆ ಕೊಟ್ಟವಳೂ ನಾನೇ.
ಅವನ ಹೆಸರಿನ ಅರ್ಥ ಆಟ, ಕಾಲಹರಣ;
ಅವ್ವ ಯಾವ ಖುಷಿಯಲ್ಲಿ ಇಟ್ಟಳೋ.
ಕರಿಹಲಗೆಯ ಮುಂದೆ ನಿಂತರೆ ಕಲ್ಲು.
ಗುಳಿಯ ಮುಂದೆ ಕೂತರೆ ಕಣ್ಣು ಓಡುತ್ತದೆ,
ಸಂಜೆ ದೊಡ್ಡಿಗೆ ನುಗ್ಗುವ ಕುರಿಗಳ ಮೇಲೆ ಓಡಿದಂತೆ.
ಎರಡನೇ ಗುಳಿಯ ಒಂಬತ್ತನ್ನೂ ಬಾಚಿ ಬಿತ್ತುತ್ತ ಹೋದ;
ಕೊನೆಯದು ಚೊಲ್ಪೊನಳ ಮನೆಯಲ್ಲಿ ಬಿತ್ತು, ಹತ್ತಾಯಿತು.
"ಸಮ. ನನ್ನದು."
ಈ ವರ್ಷ ಅವನು ತರಗತಿಯಲ್ಲಿ ಆಡಿದ
ಅತಿ ಉದ್ದದ ಮಾತು ಅದು.

ನನ್ನ ಕಾಲದಲ್ಲಿ ಮಗ್ಗಿಯ ತುದಿಗೆ
ಒಂದು ಅಡಿಪಟ್ಟಿ ಕಾದಿರುತ್ತಿತ್ತು.
ಈಗಲೂ, ನಲವತ್ತಾರಕ್ಕೆ, ಒಂಬತ್ತೇಳ್ಲಿ ಎನ್ನುವಾಗ
ನನ್ನ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.
ಮಕ್ಕಳು ನೋಡಿದ್ದಾರೆ. ಕೇಳಿಲ್ಲ.

ಆ ಹೊತ್ತಿಗೇ ಬಾಗಿಲು ತಳ್ಳಿ ಬಂದವರು
ಜಿಲ್ಲೆಯ ಇನ್‌ಸ್ಪೆಕ್ಟರ್ ತುರ್ದುಕುಲೋವ್,
ಮೀಸೆಯ ಮೇಲೆ ಹಿಮ, ಕಂಕುಳಲ್ಲಿ ಫೈಲು.
"ಬೂರುಲ್ ಏಜೆ, ಪಾಠದ ವೇಳೆಯಲ್ಲಿ ಆಟವೇ?"
ನಾನು ಉತ್ತರ ಹುಡುಕುತ್ತಿದ್ದೆ.
ಎರ್ಮೆಕ್ ಎದುರಿನ ಕುರ್ಚಿ ಎಳೆದು ಕೊಟ್ಟ.

ಎಂಟು ವರ್ಷದವರ ಕುರ್ಚಿ.
ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು
ಸಾಹೇಬರು ಕೂತರು, ಒಂದೇ ಒಂದು ಸಲಕ್ಕೆಂದು.
ಕೋಟು ಬಿಚ್ಚಿದ್ದು ಯಾವಾಗಲೋ.
ಹನ್ನೆರಡನೇ ನಡೆಗೆ ಹುಡುಗನ ಕಡೇ ಗುಂಡು
ಅವರ ಎರಡಿದ್ದ ಗುಳಿಗೆ ಬಿದ್ದು ಮೂರಾಯಿತು.
"ತುಜ್!" ಎಂದು ಕಿರುಚಿತು ಕ್ಲಾಸು.
ತುಜ್ ಎಂದರೆ ಉಪ್ಪು.
ಇನ್ನು ಆ ಗುಳಿಗೆ ಯಾರು ಹಾಕಿದರೂ ಹುಡುಗನದೇ;
ನಿಮ್ಮ ಮನೆಯಲ್ಲಿ ಅವನ ಉಪ್ಪು.
ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ:
ಸಾಹೇಬರು ಚಹಾ ಕೇಳಿದರು.

ಗಂಟೆ ಹೊಡೆದಾಗ ಎಂಬತ್ನಾಲ್ಕು ಅವನ ಕಡೆ.
ಎಣಿಸಿದ್ದು ಚೊಲ್ಪೊನ್, ಎರಡು ಸಲ,
ಎರಡನೇ ಸಲ ಒಂಬತ್ತರ ಗುಡ್ಡೆ ಮಾಡಿ.
ಅವಳಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ.
ವರದಿಯಲ್ಲಿ ಬರೆದದ್ದು ಇಷ್ಟೇ:
'ಬೋಧನಾ ಸಾಮಗ್ರಿ: ಸ್ಥಳೀಯ. ಒಲೆ: ಹೊಗೆ.'

ಸಂಜೆ ಗುಂಡು ಎತ್ತಿಡುವಾಗ ನೂರ ಅರವತ್ತೊಂದು.
ಒಲೆಯಡಿ, ಬೂಟಿನೊಳಗೆ, ಎಲ್ಲೂ ಇಲ್ಲ.
ಸಾಹೇಬರ ಕೋಟಿನ ಜೇಬು ನೆನಪಾಯಿತು;
ಯಾರೂ ಬಾಯಿಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಎರ್ಮೆಕ್ ಬಂದು
ನನ್ನ ಮೇಜಿನ ಮೇಲೆ ಮುಷ್ಟಿ ಬಿಚ್ಚಿದ:
ಒಣಗಿ, ಚಳಿಗೆ ಕಲ್ಲಾದ
ಒಂದು ಅಸಲಿ ಹಿಕ್ಕೆ.

ಈಗ ಅದೂ ಗುಳಿಯಿಂದ ಗುಳಿಗೆ ಹೋಗುತ್ತದೆ.
ಕೈಗೆ ಬಂದವರೆಲ್ಲ ಥೂ ಎಂದು ಮೂಗು ಮುರಿಯುತ್ತಾರೆ.
ಎಣಿಕೆಯಲ್ಲಿ ಮಾತ್ರ ಯಾರೂ ಅದನ್ನು ಬಿಡುವುದಿಲ್ಲ.